ಕಾಲಾಡಿಸಿದ ಕಡ್ಡಿಹುಳ

ಸೀಬೆಮರದ ಕಡ್ಡಿಹುಳಗಳಿಗೆ ಗೊತ್ತಿದ್ದುದು ಒಂದೇ ಆಟ. ಕಾಗೆ ಬಂದು ಕೂತಾಗ ಒಣಕಡ್ಡಿಯ ಹಾಗೆ ಅಲುಗಾಡದೆ ಇರಬೇಕು; ಕಾಗೆ ಹಾರಿಹೋಗುವವರೆಗೂ ಅಲುಗದವನೇ ಗೆದ್ದ. ಅದರಲ್ಲಿ ಮುದಿ ಕಡ್ಡಿಹುಳವನ್ನು ಮೀರಿಸುವವರೇ ಇರಲಿಲ್ಲ. ಆದರೆ ಆ ಮರದಾಚೆ ಯಾರಿಗೂ ಇಂಥದೊಂದು ಆಟ ಇದೆಯೆಂಬುದೇ ಗೊತ್ತಿಲ್ಲವಲ್ಲ ಎಂದು ಮುದಿಹುಳ ಕೊರಗುತ್ತಿತ್ತು.

ಇರುವೆಗಳ ಓಟವನ್ನು ಟಿವಿಯಲ್ಲಿ ತೋರಿಸಲು ಕ್ಯಾಮೆರಾ ತೋಟಕ್ಕೆ ಬಂದ ದಿನ ಮುದಿಹುಳ ಕೊಂಬೆಯಿಂದಲೇ, "ನಮ್ಮ ಆಟವನ್ನೂ ಒಮ್ಮೆ ತೋರಿಸಿ, ಸ್ವಾಮಿ," ಎಂದು ಬೇಡಿತು.

ಹುಳಗಳೆಲ್ಲ ಆಟ ತೋರಿಸಲು ಅಲುಗದೆ ನಿಂತವು. ಕ್ಯಾಮೆರಾ ಬಹಳ ಹೊತ್ತು ಕೊಂಬೆಯನ್ನೇ ದಿಟ್ಟಿಸಿತು. "ಇಲ್ಲಿ ಯಾರೂ ಕಾಣುತ್ತಿಲ್ಲ. ಖಾಲಿ ಕೊಂಬೆಯನ್ನು ಯಾರು ನೋಡುತ್ತಾರೆ?"

"ಕಾಣದಿರುವುದೇ ನಮ್ಮ ಆಟ."

"ಕಾಣದ್ದನ್ನು ತೋರಿಸುವುದು ನನ್ನಿಂದಾಗದು. ಒಂದು ಕಾಲನ್ನಾದರೂ ಆಡಿಸು."

ಕಾಲಾಡಿಸಿದರೆ ತಾನು ಸೋತಂತೆ. ಹೋಗಲಿ, ಆಟಕ್ಕಾದರೂ ಹೆಸರು ಬರಲಿ ಎಂದುಕೊಂಡು ಮುದಿಹುಳ ಜೀವಮಾನದಲ್ಲೇ ಮೊದಲ ಸಲ ಆಟದ ನಡುವೆ ಕಾಲಾಡಿಸಿತು.

ತೋಟಕ್ಕೆ ತೋಟವೇ ಚಪ್ಪಾಳೆ ತಟ್ಟಿತು. ಮರುದಿನ ಎಲ್ಲೆಲ್ಲಿಂದಲೋ ಮರಿಹುಳಗಳು ಆಟ ಕಲಿಯಲು ಸೀಬೆಮರಕ್ಕೆ ಮುತ್ತಿಕೊಂಡವು.

"ಮೊದಲು ಅಲುಗಾಡದೆ ನಿಲ್ಲುವುದನ್ನು ಕಲಿಯಿರಿ," ಎಂದಿತು ಮುದಿಹುಳ.

"ಅದೆಲ್ಲ ಯಾಕಜ್ಜ? ಟಿವಿಯಲ್ಲಿ ಮಾಡಿದೆಯಲ್ಲ, ಅದನ್ನು ಹೇಳಿಕೊಡು," ಎನ್ನುತ್ತ ಅವು ಕೊಂಬೆ ತುಂಬ ನಿಂತು ಕಾಲಾಡಿಸತೊಡಗಿದವು.

ಮುದಿಹುಳ ತಲೆಯೆತ್ತಿತು. ಇಷ್ಟು ಕಾಲವೂ ಅದರೆದುರು ಸೋಲುತ್ತ ಬಂದಿದ್ದ ಕಾಗೆ ಮೇಲಿನ ಕೊಂಬೆಯಲ್ಲಿ ರೆಕ್ಕೆ ಬಿಚ್ಚದೆ, ಕತ್ತು ಹೊರಳಿಸದೆ ಕೂತಿತ್ತು. ಆಟವನ್ನು ಸರಿಯಾಗಿ ಕಲಿತದ್ದು ಅದೊಂದೇ.