ಏಳು ಹೆಸರಿನ ಗಂಟೆ

ದೀಪದ ಕುಡಿ ಸರಿಮಾಡಿ, ಕೈಯಲ್ಲಿ ಅಕ್ಷತೆ ಹಿಡಿದು, ಮಾತು ಬಿಟ್ಟು ಕೇಳಿರಿ. ಇದು ಆಷಾಢದ ಹುಣ್ಣಿಮೆಯಂದು ಗುರುಪೂಜೆಯಾದ ಮೇಲೆ ಹೇಳುವ ಕಥೆ. ತೂಕಡಿಸುವವರು ಕಂಬ ಬಿಟ್ಟು ಈಚೆಗೆ ಬಂದು ಕುಳಿತುಕೊಳ್ಳಿ.

ತುಂಗಭದ್ರೆಯ ದಡದ ಒಂದೂರಿನಲ್ಲಿ ಮೋನಾಚಾರಿ ಎಂಬ ಕಂಚುಗಾರನೂ ಅವನ ಹೆಂಡತಿ ಕಾಳಮ್ಮನೂ ಇದ್ದರು. ಮೋನಾಚಾರಿ ಹೊಳೆಯಾಚೆಯ ನಿಂಗಾಚಾರಿ ಎಂಬ ಗುರುವಿನ ಕುಲುಮೆಯಲ್ಲಿ ಹನ್ನೆರಡು ವರ್ಷ ತಿದಿ ಒತ್ತಿ, ಮಣ್ಣು ಕಲಸಿ, ಗಂಟೆ ಎರೆಯುವುದನ್ನು ಕಲಿತವನು. ಆ ಗುರುವಿನ ಮನೆಯಲ್ಲಿ ಒಂದು ಪದ್ಧತಿಯಿತ್ತು. ಕಂಚು ಕರಗಿದ ಮೇಲೆ ಮೂಸೆಯನ್ನು ಬೆಂಕಿಯಿಂದ ಇಳಿಸಿ, ಕೈಮುಗಿದು ನಿಂತು, ಕಸುಬಿನ ಏಳು ತಲೆಮಾರಿನ ಗುರುಗಳ ಹೆಸರನ್ನು ಒಂದೊಂದಾಗಿ ನೆನೆದು, ಆಮೇಲೆ ಅಚ್ಚಿಗೆ ಎರೆಯಬೇಕು. ಆಷಾಢದ ಹುಣ್ಣಿಮೆಗೆ ಆ ಏಳು ಹೆಸರಿಗೆ ಏಳು ದೀಪ ಹಚ್ಚಬೇಕು.

ಹೀಗಿರಲಾಗಿ ಮೋನಾಚಾರಿಗೆ ಹೆಸರು ಬಂತು, ಹಿಂದೆಯೇ ಗರ್ವವೂ ಬಂತು. ಸತ್ತವರ ಹೆಸರು ಹೇಳಿದರೆ ಕಂಚು ಕೇಳುತ್ತದೆಯೇ ಎಂದು ನಕ್ಕು, ಹೆಸರು ಹೇಳುವುದನ್ನೂ ಬಿಟ್ಟ, ದೀಪ ಹಚ್ಚುವುದನ್ನೂ ಬಿಟ್ಟ.

ಆ ವರ್ಷ ಈಶ್ವರನ ಗುಡಿಗೆ ದೊಡ್ಡ ಗಂಟೆ ಆಗಬೇಕೆಂದು ಮನೆಮನೆಯವರೂ ಅಡುಗೆಮನೆಯ ಕಂಚು ತಂದು ಸುರಿದರು. ಕಾಳಮ್ಮ ತವರಿನಿಂದ ಬಂದ ತನ್ನ ಉಣ್ಣುವ ತಟ್ಟೆಯನ್ನೇ ಕೊಟ್ಟಳು. ಮೋನಾಚಾರಿ ಎರೆದು, ಅಚ್ಚು ಒಡೆದು ನೋಡಿದರೆ ಗಂಟೆಯ ಮೈತುಂಬ ತೂತು. ಮಣ್ಣನ್ನು ಬೈದ. ಕರಗಿಸಿ ಮತ್ತೆ ಎರೆದರೆ, ಒಳಗೆ ತೂಗುವ ನಾಲಿಗೆ ತಾಗಿದೊಡನೆ ಗಂಟೆ ಬಿರುಕುಬಿಟ್ಟು ಒಡಕು ಮಡಕೆಯಂತೆ ಸದ್ದು ಮಾಡಿತು. ಇದ್ದಿಲನ್ನು ಬೈದ, ತಿದಿಯನ್ನು ಬೈದ, ಇನ್ನು ಬೈಯಲು ಏನೂ ಉಳಿಯದೆ ಹೆಂಡತಿಯನ್ನು ಬೈದ. ಊರವರು ಸೇರಿ, ಮೂರನೆಯ ಸಲವೂ ಕೆಟ್ಟರೆ ಕುಲುಮೆ ಆರಿಸಿ ಊರು ಬಿಡು ಎಂದರು.

"ಬೈದದ್ದು ಸಾಕ್ರಿ. ಕಲಿಸಿದವ್ರು ಇನ್ನೂ ಅದಾರ, ಹೋಗಿ ಬರ್ರಿ" ಎಂದು ಕಾಳಮ್ಮ ಒಡೆದ ಗಂಟೆಯ ಚೂರೊಂದನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟಳು.

ಮೋನಾಚಾರಿ ತುಂಬಿದ ಹೊಳೆಯನ್ನು ಹರಿಗೋಲಿನಲ್ಲಿ ದಾಟಿ ಹೋದರೆ, ಗುರುವಿಗೆ ವಯಸ್ಸಾಗಿ ಕಣ್ಣು ಮಂಜಾಗಿತ್ತು. ಚೂರನ್ನು ಉಗುರಿನಿಂದ ಸವರಿ ನೋಡಿದ. ಬೈಯಲಿಲ್ಲ, ಏಳು ಹೆಸರು ಹೇಳು ಎಂದ. ಮೋನಾಚಾರಿ ಮೂರು ಹೇಳಿ ನಿಂತ. ಹನ್ನೆರಡು ವರ್ಷ ಹೇಳಿದ ನಾಲ್ಕನೆಯ ಹೆಸರು ನಾಲಿಗೆಗೆ ಬರಲೊಲ್ಲದು. ನಾಚಿಕೆಯಿಂದ ಅವನ ಕಣ್ಣು ತುಂಬಿತು.

ಅದು ಸಿದ್ಧಾಚಾರಿಯ ಹೆಸರು ಎಂದು ಗುರು ನೆನಪಿಸಿದ. ಎಷ್ಟೋ ಗಂಟೆಗಳನ್ನು ಎರೆದು ಕೆಡಿಸಿಕೊಂಡು, ಕರಗಿದ ಕಂಚಿನ ಕುದಿ ಇಳಿದು ಕಿಟ್ಟವೆಂಬ ಕಸ ಮೇಲಕ್ಕೆ ತೇಲಿ ಬರುವವರೆಗೆ ಕಾಯಬೇಕೆಂದು ಕಂಡುಕೊಂಡವನು ಅವನೇ. ಏಳು ಹೆಸರು ಹೇಳಲು ಹಿಡಿಯುವುದು ಅಷ್ಟೇ ಹೊತ್ತು.

ಮೋನಾಚಾರಿ ಬುದ್ಧಿವಂತನಲ್ಲವೇ, ಅಷ್ಟು ಹೊತ್ತು ಎಣಿಸುತ್ತ ನಿಂತರೆ ಸಾಲದೇ ಎಂದು ಕೇಳಿದ.

"ಎಣಿಸಿದ್ರ ಕಂಚಿನ ಕುದಿ ಇಳೀತೈತಿ, ತಮ್ಮಾ. ನಿನ್ನ ಕುದಿ ಇಳಿಯೋದು ಹ್ಯಾಂಗ?" ಎಂದ ಗುರು.

ಮೋನಾಚಾರಿ ಗುರುವಿನ ಪಾದ ಹಿಡಿದು ಅತ್ತು, ಏಳು ಹೆಸರನ್ನೂ ಮತ್ತೆ ಬಾಯಿಪಾಠ ಮಾಡಿಕೊಂಡು ಮರಳಿದ. ಹುಣ್ಣಿಮೆಯ ದಿನ ಗಂಡಹೆಂಡಿರು ಮಿಂದು, ಏಳು ದೀಪ ಹಚ್ಚಿ, ಕಂಚು ಕರಗಿಸಿದರು. ಹೆಸರು ಹೇಳುತ್ತ ಹೇಳುತ್ತ ಮೋನಾಚಾರಿಯ ಎದೆಯ ಉರಿ ಆರಿತು, ಎರೆಯುವ ಕೈಗೆ ಅವಸರವಿರಲಿಲ್ಲ. ಮೂರನೆಯ ದಿನ ಅಚ್ಚು ಒಡೆದರೆ ಗಂಟೆ ನುಣ್ಣಗಿತ್ತು. ಗುಡಿಯಲ್ಲಿ ಕಟ್ಟಿ, ನಿಂಗಾಚಾರಿಯ ಹೆಸರು ಹೇಳಿ ಬಾರಿಸಿದ. ತನ್ನ ತಟ್ಟೆಯೂ ಅದರಲ್ಲಿ ಹಾಡುತ್ತಿದೆಯೆಂದು ಕಾಳಮ್ಮ ಕಣ್ಣೊರೆಸಿಕೊಂಡಳು. ಹೊಳೆಯಾಚೆ ಆ ನಾದ ಕೇಳಿದ ಮುದುಕ ಎದ್ದು ನಿಂತು, ತನ್ನ ಗುರುವನ್ನು ನೆನೆದು ಕೈಮುಗಿದ.

ಈ ಕಥೆ ಹೇಳಿದವರಿಗೂ ಕೇಳಿದವರಿಗೂ ಕಲಿತ ವಿದ್ಯೆ ಕೈಬಿಡದಿರಲಿ, ಕುದಿಯುವ ಮನಸ್ಸು ತಿಳಿಯಾಗಲಿ, ಮೋನಾಚಾರಿ ಕಾಳಮ್ಮರಿಗೆ ಆದ ಒಳಿತು ನಮಗೂ ಆಗಲಿ. ಈಗ ಒಬ್ಬೊಬ್ಬರೂ ತಮಗೆ ಕಲಿಸಿದವರ ಹೆಸರನ್ನು ಬಾಯಿಬಿಟ್ಟು ಹೇಳಿ ಅಕ್ಷತೆ ಹಾಕಿರಿ, ಅವರು ಅಕ್ಷರ ಕಲಿಸಿದವರಾಗಲಿ, ಅನ್ನಕ್ಕೆ ಎಸರಿಡುವುದನ್ನು ಕಲಿಸಿದವರಾಗಲಿ. ಹೆಸರು ಮರೆತವರು ಕುಳಿತು ನೆನಪು ಮಾಡಿಕೊಳ್ಳಿ. ಅಲ್ಲಿಯವರೆಗೂ ದೀಪಕ್ಕೆ ಎಣ್ಣೆ ಹಾಕುತ್ತಿರುತ್ತೇನೆ.