ಮಿರುಗಿಯ ಕೆಸರು ಲೈವ್

ಒಂದು ಕಾಡಿನಲ್ಲಿ ಪ್ರಾಣಿಗಳಿಗೆಲ್ಲ ಮೊಬೈಲು ಹುಚ್ಚು ಹಿಡಿದಿತ್ತು. ಸಫಾರಿಗೆ ಬಂದವರು ಹುಲಿ ಕಂಡ ಕೂಡಲೇ ಕಿಟಾರನೆ ಕಿರುಚಿ ಬೀಳಿಸಿಹೋದ ಮೊಬೈಲುಗಳು ಅವು. ಅವನ್ನು ಎಲ್ಲಿ ಚಾರ್ಜು ಮಾಡುತ್ತಿದ್ದವು ಎಂದು ನನ್ನನ್ನು ಕೇಳಬೇಡಿ. ಅದನ್ನು ಅವು ನನಗೂ ಹೇಳಿಲ್ಲ.

ಆ ಕಾಡಿನಲ್ಲಿ ಗುಂಡವ್ವ ಎಂಬ ಕಾಡುಹಂದಿ ಇದ್ದಳು. ಅವಳಿಗೆ ಕೆಸರು ಎಂದರೆ ಪ್ರಾಣ. ಹಳ್ಳದ ಕರಿ ಕೆಸರು ಬೆಣ್ಣೆಯಂತೆ ಮೆತ್ತಗೆ, ಗುಡ್ಡದ ಕೆಂಪು ಕೆಸರು ಮೈಮೇಲಿನ ಉಣುಗು ಬಿಡಿಸುವುದಕ್ಕೆ ಸೈ, ಹುತ್ತದ ಮಣ್ಣು ಕಲಸಿ ಬಳಿದುಕೊಂಡರೆ ಕೂದಲು ಮಿರಿಮಿರಿ ಮಿಂಚುತ್ತದೆ. ಹೀಗೆ ಶುರು ಮಾಡಿದಳೆಂದರೆ ಮುಗಿಯಿತು. ಹೊತ್ತು ಮುಳುಗಿದರೂ ಬಾಯಿ ಮುಚ್ಚುತ್ತಿರಲಿಲ್ಲ.

ಅವಳು ಮೊಬೈಲಿನಲ್ಲಿ 'ಕೆಸರು ಬಳಗ' ಎಂಬ ಗ್ರೂಪು ಮಾಡಿದ್ದಳು. ಅದರಲ್ಲಿದ್ದವರು ಬೆರಳೆಣಿಕೆಯಷ್ಟು ಮಂದಿ. ಭರಮಕ್ಕ ಎಂಬ ಕಾಡೆಮ್ಮೆ, ನೀಲು ಎಂಬ ಕಡವೆ, ಇನ್ನೊಂದಿಬ್ಬರು. ಗುಂಡವ್ವನ ವಿಡಿಯೊಗಳು ಬಹಳ ಉದ್ದ. ಅವುಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದುದು ಅವಳ ಹಿಂಭಾಗ. ಮುಖ ಯಾವಾಗಲೂ ಕೆಸರಿನೊಳಗೆ ಹೂತಿರುತ್ತಿತ್ತಲ್ಲ! ಆದರೂ ವಿಡಿಯೊ ನೋಡಿದವರು ಮರುದಿನ ಹಳ್ಳಕ್ಕೆ ಬರುತ್ತಿದ್ದರು. ಎಲ್ಲರೂ ಒಟ್ಟಿಗೆ ಉರುಳಾಡಿ, ಹರಟೆ ಹೊಡೆದು, ನಕ್ಕು ನಕ್ಕು ಮನೆಗೆ ಹೋಗುತ್ತಿದ್ದರು. ಗುಂಡವ್ವನಿಗೆ ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ.

ಒಂದು ದಿನ ಮಿರುಗಿ ಎಂಬ ನರಿ ಆ ಗ್ರೂಪಿಗೆ ಸೇರಿದಳು. ಅವಳಿಗೆ ಕೆಸರೆಂದರೆ ಅಸಹ್ಯ. ಕಾಲಿಗೆ ಒಂದು ಹನಿ ಸಿಡಿದರೂ 'ಛೀ' ಎಂದು ಎಗರುತ್ತಿದ್ದಳು. ಆದರೆ ಲೈಕುಗಳೆಂದರೆ ಅವಳಿಗೆ ಬಾಯಲ್ಲಿ ನೀರೂರುತ್ತಿತ್ತು.

ಅವಳು ಗುಂಡವ್ವನ ಹುತ್ತದ ಮಣ್ಣಿನ ವಿಡಿಯೊ ಹಾಕಿಕೊಂಡು ಕೂತಳು. ಅರ್ಧ ನೋಡುವಷ್ಟರಲ್ಲಿ ಆಕಳಿಕೆ ಬಂತು.

"ಇಷ್ಟು ಸಾಕಪ್ಪ, ಉಳಿದದ್ದು ಬರೀ ಗೊರಗೊರ" ಎಂದು ನಿಲ್ಲಿಸಿಬಿಟ್ಟಳು.

ಮರುದಿನವೇ ಮಿರುಗಿಯ ವಿಡಿಯೊ ಬಂತು. ಕಿವಿಯ ಹಿಂದೆ ಒಂದು ಹೂವು, ಕೆನ್ನೆಗೆ ಚಿಟಿಕೆ ಕೆಸರು, ಹಲ್ಲು ಕಾಣುವಂಥ ನಗು.

"ಹಾಯ್ ನನ್ನ ಚೆಲುವೆಯರೇ! ನಮ್ಮಜ್ಜಿ ನನಗೊಬ್ಬಳಿಗೇ ಹೇಳಿಕೊಟ್ಟ ಗುಟ್ಟು ಇದು. ಲೈಕ್ ಮಾಡಿ, ಎಲ್ಲರಿಗೂ ಕಳಿಸಿ!"

ಕಾಡಿಗೆ ಕಾಡೇ ಮರುಳಾಯಿತು. ಗುಂಡವ್ವ ಮಾತ್ರ ಕೋಪಿಸಿಕೊಳ್ಳಲಿಲ್ಲ. "ಅಬ್ಬಾ, ಕೆಸರನ್ನ ಇಷ್ಟಪಡೋರು ಇನ್ನೂ ಒಬ್ಬರು ಸಿಕ್ಕಿದರು!" ಎಂದು ಕುಣಿದಾಡಿದಳು. ಹೋಗಿ ಮಿರುಗಿಯನ್ನು ಗ್ರೂಪಿನ ಅಡ್ಮಿನ್ ಮಾಡಿದಳು.

"ನಾನು ಕೆಸರಲ್ಲಿರುವಾಗ ಗ್ರೂಪು ಸ್ವಲ್ಪ ನೋಡ್ಕೊಳ್ಳೇ, ಮಿರುಗಿ" ಎಂದಳು.

"ಅಯ್ಯೋ ಗುಂಡಕ್ಕ, ನೀನು ಆರಾಮಾಗಿ ಬಿದ್ದಿರು. ನಾನಿಲ್ವಾ?" ಎಂದಳು ಮಿರುಗಿ.

ಸಂಜೆಯೊಳಗೆ ಗ್ರೂಪಿನ ಹೆಸರು 'ಮಿರುಗಿಯ ಮೈಕಾಂತಿ' ಎಂದಾಯಿತು. ಗೊತ್ತಿದ್ದವರು, ಗೊತ್ತಿಲ್ಲದವರು, ಪಕ್ಕದ ಕಾಡಿನವರು ಎಲ್ಲ ಬಂದು ಸೇರಿದರು. ಮಿರುಗಿ ಕೆಸರಿಗೆ ಮರದ ಅಂಟು ಬೆರೆಸತೊಡಗಿದಳು. ಕ್ಯಾಮೆರಾದಲ್ಲಿ ಅದು ಥಳಥಳ ಹೊಳೆಯುತ್ತಿತ್ತು. ಗುಂಡವ್ವ ನೋಡಿ ಗಾಬರಿಯಾದಳು.

"ಮಿರುಗಿ, ಹುತ್ತದ ಮಣ್ಣು ಒಣಗೋಕೆ ಮುಂಚೆ ಮರಕ್ಕೆ ಮೈ ಉಜ್ಜಿ ಉದುರಿಸಬೇಕು ಕಣೇ. ನನ್ನ ವಿಡಿಯೊ ಕೊನೇಲಿ ಹೇಳಿದೀನಲ್ಲ? ಅಂಟು ಬೇರೆ ಹಾಕಬೇಡ" ಎಂದು ಬರೆದಳು.

"ನಮ್ಮ ಗ್ರೂಪಿನಲ್ಲಿ ಹೊಟ್ಟೆಕಿಚ್ಚಿಗೆ ಜಾಗವಿಲ್ಲ" ಎಂದು ಮಿರುಗಿ ಉತ್ತರ ಕೊಟ್ಟಳು. ಗುಂಡವ್ವನನ್ನು ಗ್ರೂಪಿನಿಂದಲೇ ಕಿತ್ತುಹಾಕಿದಳು. ಭರಮಕ್ಕ, ನೀಲು ಅದನ್ನು ನೋಡಿಯೂ ತುಟಿ ಬಿಚ್ಚಲಿಲ್ಲ. ಅವರ ಕೆನ್ನೆಯ ಮೇಲೂ ಆಗ ಹೊಳೆಯುವ ಕೆಸರಿತ್ತು.

ಅದೇ ವಾರ ಗುಂಡವ್ವನಿಗೆ ಬಿದಿರುಮೆಳೆಯ ಹಿಂದೆ ಹೊಸ ಕೆಸರು ಸಿಕ್ಕಿತು. ನೀಲಿ ಬಣ್ಣ, ತಣ್ಣಗೆ, ಮೂಗಿಗಿಟ್ಟರೆ ಮೊದಲ ಮಳೆಯ ಘಮ! "ಏ, ಬನ್ರೇ ಇಲ್ಲಿ!" ಎಂದು ಕೂಗಿದಳು. ಯಾರೂ ಇರಲಿಲ್ಲ. ಅವಳಿಗೆ ಅಳು ಬಂತು. ಲೈಕು ಹೋದದ್ದಕ್ಕಲ್ಲ, ಅದು ಅವಳಿಗೆ ಎಂದೂ ಬಂದದ್ದೇ ಇಲ್ಲ. ಇಂಥ ಕೆಸರು ಸಿಕ್ಕಿದೆ ಎಂದು ಹೇಳಿಕೊಳ್ಳಲು ಒಬ್ಬರೂ ಇಲ್ಲವಲ್ಲ ಎಂದು ಅತ್ತಳು. ತಾನೂ ಮಿರುಗಿಯ ಹಾಗೆ ಕಿವಿಗೊಂದು ಹೂವಿಟ್ಟು, ಕ್ಯಾಮೆರಾ ನೋಡಿ ಹಲ್ಲು ಕಿರಿದಳು. ತನ್ನ ಮುಖ ತಾನೇ ಕಂಡು ಹೆದರಿ, ಹೂವನ್ನು ತಿಂದುಹಾಕಿದಳು.

ಇತ್ತ ಮಿರುಗಿ ಮಹಾ ಲೈವ್ ಒಂದನ್ನು ಸಾರಿದಳು. ಮೂಗಿನಿಂದ ಬಾಲದವರೆಗೆ ಇಡೀ ಮೈಗೆ ಲೇಪ! ಬೆಳಕು ಚೆನ್ನಾಗಿರಲೆಂದು ನಡುಮಧ್ಯಾಹ್ನ ಬೋಳು ಬಂಡೆಯನ್ನೇ ಆರಿಸಿಕೊಂಡಳು. ಮೊಬೈಲನ್ನು ಕಲ್ಲಿಗೆ ಒರಗಿಸಿ ಮಂದವಾಗಿ ಕೆಸರು ಬಳಿದುಕೊಂಡಳು. ಅಂಟನ್ನಂತೂ ಧಾರಾಳವಾಗಿ ಸುರಿದಿದ್ದಳು.

"ನೋಡಿ ನನ್ನ ಚೆಲುವೆಯರೇ, ಹೇಗೆ ಹೊಳೀತಿದೆ! ಈಗ ನಾನು ಕೊಂಚ..."

ಅಷ್ಟೇ. ಬಿಸಿಲಿಗೆ ಕೆಸರು ಗಟ್ಟಿಯಾಯಿತು. ತುಟಿ ನಗುವಿನಲ್ಲೇ ನಿಂತಿತು. ಎತ್ತಿದ ಕಾಲು ಎತ್ತಿದ ಹಾಗೇ ಉಳಿಯಿತು. ಬಾಲ ಕೋಲಾಯಿತು.

"ಮ್ಮ್... ಮ್ಮ್ಮ್!" ಎಂದಳು ಮಿರುಗಿ.

ನೋಡುತ್ತಿದ್ದವರು ಕೂತಲ್ಲೇ ಹುಚ್ಚೆದ್ದು ಕುಣಿದರು. ಪಟಪಟನೆ ಕೆಂಪು ಹೃದಯಗಳು ಹಾರಿದವು.

"ಏನು ಪೋಸು ಕಣೇ, ಮಿರುಗಿ!" ಎಂದು ಮುಳ್ಳುಹಂದಿ ಬರೆಯಿತು.

"ಕಣ್ಣಲ್ಲಿ ನೀರು ನೋಡ್ರೇ! ಎಂಥ ಭಾವ!" ಎಂದು ಕೋತಿ ಬರೆಯಿತು.

"ಹಾಗೇ ಇರು, ಅಲುಗಬೇಡ, ನಮ್ಮತ್ತೆಗೂ ತೋರಿಸ್ತೀನಿ" ಎಂದು ಮೊಲ ಬರೆಯಿತು.

ಮಿರುಗಿ ಕಣ್ಣು ಹೊರಳಿಸಿದಳು. ಇನ್ನಷ್ಟು ಹೃದಯಗಳು ಬಂದವು. ಮೂಗಿನ ಹೊಳ್ಳೆಗಳ ಸುತ್ತ ಕೆಸರು ಬಿಗಿಯತೊಡಗಿತು. ಉಸಿರು ಸಿಳ್ಳೆ ಹಾಕತೊಡಗಿತು. "ಓಹೋ, ಸಂಗೀತ ಬೇರೆ!" ಎಂದರು ಎಲ್ಲರೂ. ಇಡೀ ಕಾಡು ಅವಳನ್ನೇ ನೋಡುತ್ತಿತ್ತು. ಒಬ್ಬರಾದರೂ ಕೂತಲ್ಲಿಂದ ಏಳಲಿಲ್ಲ.

ಗುಂಡವ್ವನೂ ಆ ಲೈವ್ ನೋಡುತ್ತಿದ್ದಳು. ಗ್ರೂಪಿನಿಂದ ತೆಗೆದರೂ ಲೈವ್ ನೋಡುವುದಕ್ಕೆ ಅಡ್ಡಿಯಿರಲಿಲ್ಲ. ಮಿರುಗಿಯ ಮೇಲೆ ಅವಳಿಗೆ ಬೆಟ್ಟದಷ್ಟು ಕೋಪವಿತ್ತು. ಆದರೂ ಕೆಸರು ಕಂಡರೆ ಅವಳ ಕಣ್ಣು ಬೇರೆ ಕಡೆ ಹೋಗಬೇಕಲ್ಲ! ಎಲ್ಲರೂ ಮಿರುಗಿಯ ನಗು ನೋಡುತ್ತಿದ್ದಾಗ ಅವಳು ಕೆಸರನ್ನು ನೋಡಿದಳು. ಅಂಚುಗಳು ಬೆಳ್ಳಗಾಗಿದ್ದವು. ಹೊಳ್ಳೆಗಳ ಸುತ್ತ ಸಣ್ಣ ಬಿರುಕು ಬಿದ್ದಿತ್ತು.

"ಅಯ್ಯಯ್ಯೋ, ಒಣಗಿಹೋಯ್ತು!" ಎಂದು ಕಿರುಚಿ ದಡದಡ ಓಡಿದಳು.

ಬಂಡೆಗೆ ಬಂದವಳೇ ಮೂತಿಯಿಂದ ಮಿರುಗಿಯನ್ನು ಎತ್ತಿ ಉರುಳಿಸಿದಳು. "ಏ, ಹೊಡೀತಿದಾಳೆ, ಹೊಡೀತಿದಾಳೆ!" ಎಂದು ಬಳಗದವರು ಬರೆದರು. ಆಗಲೂ ಯಾರೂ ಏಳಲಿಲ್ಲ. ಗುಂಡವ್ವ ಅವಳನ್ನು ದಬದಬ ಉರುಳಿಸಿಕೊಂಡು ಹೋಗಿ, ಬಂಡೆಯ ಎದುರಿಗೇ ಇದ್ದ ಹಳ್ಳದ ಕರಿ ಕೆಸರಿಗೆ ತಳ್ಳಿದಳು. ಮೊದಲು ಹೊಳ್ಳೆ ಬಿಡಿಸಿದಳು. ಮಿರುಗಿ ಸೊಯ್ಯೆಂದು ಉಸಿರೆಳೆದುಕೊಂಡಳು. ಕೆಸರು ನೆನೆದ ಮೇಲೆ ಮರಕ್ಕೆ ಒತ್ತಿ ಹಿಡಿದು ಉಜ್ಜಿದಳು. ಲೇಪ ಹಪ್ಪಳದಂತೆ ಮುರಿದು ಬಿತ್ತು. ಜೊತೆಗೆ ಮಿರುಗಿಯ ಕೂದಲೂ ಕಿತ್ತು ಬಂತು. ಬೆನ್ನು ಬೋಳು, ಕೆನ್ನೆ ಬೋಳು, ಬಾಲದ ತುದಿಯಲ್ಲಿ ನಾಲ್ಕು ಕೂದಲು.

ಬಂಡೆಯ ಮೇಲಿದ್ದ ಮೊಬೈಲು ಇದನ್ನೆಲ್ಲ ತೋರಿಸುತ್ತಲೇ ಇತ್ತು. ಬಳಗದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟರಲ್ಲಿ ಪಕ್ಕದ ಕಾಡಿನ ನವಿಲೊಂದು ಲೈವ್ ಶುರು ಮಾಡಿತು. ಎಲ್ಲರೂ ಬುರ್ರೆಂದು ಅತ್ತ ಹಾರಿದರು. ಮಿರುಗಿಯನ್ನು ನೋಡಲು ಒಂದು ನೊಣವೂ ಉಳಿಯಲಿಲ್ಲ.

ಗುಂಡವ್ವ ಆಗಲೇ ಮುರಿದ ಲೇಪದ ಚೂರೊಂದನ್ನು ಮೂಸಿ ನೋಡುತ್ತಿದ್ದಳು.

"ಎಲಾ ಇವಳ! ಅಂಟು ಹಾಕಿದರೆ ಇಷ್ಟು ಗಟ್ಟಿ ಆಗುತ್ತಾ? ಗೂಡಿನ ಗೋಡೆಗೆ ಬಳಿಯೋಕೆ ಭಲೇ ಚೆನ್ನಾಗಿರುತ್ತೆ!"

ಮಿರುಗಿ ಬಿಕ್ಕಿದಳು. "ನಾನು ನಿನ್ನ ಗ್ರೂಪು ಕಿತ್ಕೊಂಡೆ, ನಿನ್ನನ್ನೇ ಆಚೆ ಹಾಕಿದೆ. ಆದರೂ ಯಾಕೆ ಬಂದೆ ಗುಂಡಕ್ಕ?"

"ನಿನ್ನ ಮೇಲೆ ಸಿಟ್ಟು ಇನ್ನೂ ಇದೆ. ಅದನ್ನ ಆಮೇಲೆ ತೀರಿಸ್ಕೋತೀನಿ. ಆದರೆ ಕೆಸರು ಆ ಥರ ಬಿರುಕು ಬಿಡೋದನ್ನ ನೋಡ್ಕೊಂಡು ನಾನು ಹೇಗೆ ಕೂರಲಿ? ಒಳಗೆ ನೀನು ಬೇರೆ ಇದ್ದೆ!"

ಸಂಜೆಯಾಗುತ್ತಲೇ ಸೊಳ್ಳೆಗಳು ಬಂದವು. ಬೋಳು ಮೈ ಕಂಡು ಅವಕ್ಕೆ ಹಬ್ಬವೋ ಹಬ್ಬ. ಮಿರುಗಿಗೆ ಬೇರೆ ದಾರಿ ಇರಲಿಲ್ಲ. ಮೂಗು ಮುಚ್ಚಿಕೊಂಡು ಕುತ್ತಿಗೆಯವರೆಗೆ ಕೆಸರಿನಲ್ಲಿ ಇಳಿದು ಕೂತಳು.

ಸ್ವಲ್ಪ ಹೊತ್ತಿಗೆ ಭರಮಕ್ಕ ಮತ್ತು ನೀಲು ತಲೆ ತಗ್ಗಿಸಿಕೊಂಡು ಬಂದರು. ಕೆನ್ನೆ ತೊಳೆದುಕೊಂಡಿದ್ದರು.

"ತಪ್ಪಾಯ್ತು ಗುಂಡವ್ವ. ನಿನ್ನನ್ನ ತೆಗೆದುಹಾಕಿದಾಗ ಒಂದು ಮಾತು ಆಡಬೇಕಿತ್ತು" ಎಂದಳು ಭರಮಕ್ಕ.

ಗುಂಡವ್ವ ಮುಖ ಊದಿಸಿಕೊಂಡು ನಿಂತಳು. ಮಾತಾಡಬಾರದು ಎಂದು ಹಲ್ಲು ಕಚ್ಚಿದಳು. ಆದರೆ ಆಗಲಿಲ್ಲ.

"ಬಿದಿರುಮೆಳೆಯ ಹಿಂದೆ ನೀಲಿ ಕೆಸರು ಸಿಕ್ಕಿದೆ ಕಣ್ರೇ!" ಎಂದು ಚೀರಿಯೇ ಬಿಟ್ಟಳು. "ನೀಲಿ! ಬನ್ರೇ, ಬೇಗ ಬನ್ರೇ!"

ಅವಳು ಮುಂದೆ ಓಡಿದಳು. ಭರಮಕ್ಕನೂ ನೀಲುವೂ ಹಿಂದೆ ಓಡಿದರು. ಮಿರುಗಿ ಒಬ್ಬಳೇ ಕೂತು ಸೊಳ್ಳೆ ಹೊಡೆದುಕೊಂಡಳು. ಕೊನೆಗೆ ತಡೆಯಲಾರದೆ, ನಾಲ್ಕು ಕೂದಲಿನ ಬಾಲ ಎತ್ತಿಕೊಂಡು ಅವರ ಹಿಂದೆಯೇ ಓಡಿದಳು.

ನೀತಿ: ಮೆಚ್ಚಿಸಲೆಂದು ಮಾಡುವವರನ್ನು ಊರೆಲ್ಲ ನೋಡುತ್ತದೆ, ಕಷ್ಟಕ್ಕೆ ಯಾರೂ ಬರುವುದಿಲ್ಲ. ಮಾಡುವ ಕೆಲಸವನ್ನು ಮನಸಾರೆ ಪ್ರೀತಿಸಿ, ಜೊತೆಗಾರರು ತಾವಾಗಿಯೇ ಬರುತ್ತಾರೆ.