ನಿಲ್ಲಿಸದೆ ನಲವತ್ತು ನಿಮಿಷ

ಶಿಷ್ಯ ಕೇಳಿದ: “ಗುರುಗಳೇ, ನಾನು ಮಠಕ್ಕೆ ಬಂದು ಒಂಬತ್ತು ವರ್ಷವಾಯಿತು. ಈವರೆಗೆ ಒಂದು ಒರಟು ಮಾತು ನನ್ನ ಬಾಯಿಂದ ಹೊರಟಿಲ್ಲ. ಬಂದ ಸಿಟ್ಟನ್ನೆಲ್ಲ ನುಂಗಿದ್ದೇನೆ. ಭಕ್ತರು ನನ್ನನ್ನು ಶಾಂತಮೂರ್ತಿ ಎನ್ನುತ್ತಾರೆ. ಆದರೂ ಎದೆ ದಿನದಿಂದ ದಿನಕ್ಕೆ ಭಾರವಾಗುತ್ತಿದೆ. ಶಾಂತಿ ಯಾಕೆ ಬರಲಿಲ್ಲ?”

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಮುರಿಗೆಪ್ಪನೆಂಬ ಪಾತ್ರೆ ವ್ಯಾಪಾರಿ ಇದ್ದ. ಅವನು ದೊಡ್ಡದೊಂದು ಡೀಸೆಲ್ ಕಾರು ಕೊಂಡ. ಹಳೆಯ ಗಾಡಿಗಳಂತೆ ಅದು ಕಪ್ಪು ಹೊಗೆ ಉಗುಳುತ್ತಿರಲಿಲ್ಲ. ಹೊಗೆ ಹೋಗುವ ಕೊಳವೆಯಲ್ಲಿ ಒಂದು ಫಿಲ್ಟರ್ ಇತ್ತು. ಮಸಿಯನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತಿತ್ತು. ಮುರಿಗೆಪ್ಪ ಅಂಗಡಿಗೆ ಬಂದವರನ್ನೆಲ್ಲ ಕಾರಿನ ಹಿಂದಕ್ಕೆ ಕರೆದೊಯ್ದು, ಬಿಳಿ ಕರವಸ್ತ್ರವನ್ನು ಸೈಲೆನ್ಸರಿನೊಳಗೆ ತಿರುವಿ ತೆಗೆದು ತೋರಿಸುತ್ತಿದ್ದ. ಕರವಸ್ತ್ರ ಬೆಳ್ಳಗೇ ಇರುತ್ತಿತ್ತು. ಚೊಂಬು ಕೊಳ್ಳಲು ಬಂದವರು ಚೊಂಬು ಮರೆತು ಮನೆಗೆ ಹೋಗುತ್ತಿದ್ದರು.

ಅವನ ಮನೆಯಿಂದ ಅಂಗಡಿಗೆ ಮುನ್ನೂರು ಹೆಜ್ಜೆ. ಕಾರು ಓಡುತ್ತಿದ್ದುದು ಅಷ್ಟೇ ದೂರ. ಬೆಳಿಗ್ಗೆ ಮುನ್ನೂರು ಹೆಜ್ಜೆ, ಸಂಜೆ ಮುನ್ನೂರು ಹೆಜ್ಜೆ.

ಮೂರು ತಿಂಗಳಾದ ಮೇಲೆ ಸ್ಟೇರಿಂಗಿನ ಮುಂದೆ ಒಂದು ಹಳದಿ ದೀಪ ಹೊತ್ತಿತು. ಮುರಿಗೆಪ್ಪ ಅದರ ಮೇಲೆ ಗಣಪತಿಯ ಸ್ಟಿಕರ್ ಅಂಟಿಸಿದ. ದೀಪ ಕಾಣದಾಯಿತು. ಅವನಿಗೆ ಸಮಾಧಾನವಾಯಿತು.

ಅವನ ತಮ್ಮನ ಮಗಳ ಮದುವೆ ಬಂತು. ಕಲ್ಯಾಣಮಂಟಪ ಊರಾಚೆ ಇತ್ತು. ಮುರಿಗೆಪ್ಪ ರೇಷ್ಮೆ ಪಂಚೆ ಉಟ್ಟು, ಹೆಂಡತಿ ನೀಲವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಅರ್ಧ ದಾರಿಯಲ್ಲಿ ಕಾರಿನ ಶಕ್ತಿಯೇ ಉಡುಗಿತು. ಎಷ್ಟು ಒತ್ತಿದರೂ ಎತ್ತಿನ ಬಂಡಿಗಿಂತ ಜೋರಾಗಿ ಹೋಗಲೊಲ್ಲದು. ಹಿಂದಿನಿಂದ ಬಂದ ಎಮ್ಮೆಯೊಂದು ಕಿಟಕಿಯೊಳಗೆ ಇಣುಕಿ ನೋಡಿ, ಅವರನ್ನು ದಾಟಿ ಮುಂದೆ ಹೋಯಿತು. ನೀಲವ್ವ ಅದನ್ನು ನೋಡಿದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ಏನಾದರೂ ಹೇಳಲು ಬಾಯಿ ತೆರೆದಾಗಲೆಲ್ಲ ಗಂಡನಿಗೆ ಅಂಗಡಿ ನೆನಪಾಗುತ್ತಿತ್ತು. ಹಾಗಾಗಿ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು.

ಅವರು ಮಂಟಪ ತಲುಪಿದಾಗ ತಾಳಿ ಕಟ್ಟಿಯಾಗಿತ್ತು. ಜನ ಉಂಡು ಕೈ ತೊಳೆಯುತ್ತಿದ್ದರು.

ಮರುದಿನ ಮೆಕ್ಯಾನಿಕ್ ಇಮಾಮಸಾಬ ಬಂದ. ಗಣಪತಿಯನ್ನು ಭಕ್ತಿಯಿಂದಲೇ ಕಿತ್ತು ಪಕ್ಕಕ್ಕೆ ಅಂಟಿಸಿ, ಹಳದಿ ದೀಪ ನೋಡಿ ನಕ್ಕ.

“ಸಾಹುಕಾರರೇ, ಗಾಡಿ ಮಸಿ ಹೊರಗೆ ಬಿಡುವುದಿಲ್ಲ ಎಂದು ಊರಿಗೆಲ್ಲ ತೋರಿಸಿದಿರಿ. ಬಿಡದ ಮಸಿ ಎಲ್ಲಿಗೆ ಹೋಯಿತು ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಎಲ್ಲ ಒಳಗೇ ಕೂತು ದಾರಿ ಕಟ್ಟಿದೆ.”

“ಹಾಗಾದರೆ ಆ ಫಿಲ್ಟರನ್ನು ಕಿತ್ತು ಬಿಸಾಡು.”

“ಕಿತ್ತರೆ ನಿಮ್ಮ ಮಸಿ ಓಣಿಯ ಮಕ್ಕಳ ಎದೆಗೆ ಇಳಿಯುತ್ತದೆ. ಆ ಕೆಲಸ ನನ್ನ ಕೈಯಿಂದ ಆಗದು. ಹಿಡಿದ ಮಸಿಯನ್ನು ಸುಟ್ಟುಕೊಳ್ಳುವುದು ಈ ಗಾಡಿಗೇ ಗೊತ್ತು. ಅದಕ್ಕೆ ಕಾವು ಬೇಕು. ನೀವು ಅದನ್ನು ಕಾಯಲು ಬಿಟ್ಟೇ ಇಲ್ಲ. ಸದ್ಯಕ್ಕೆ ಓಡುವಷ್ಟು ಸರಿಮಾಡಿ ಕೊಡುತ್ತೇನೆ. ಹೆದ್ದಾರಿಗೆ ಹೋಗಿ, ಒಂದೇ ಸಮನೆ ನಲವತ್ತು ನಿಮಿಷ ಓಡಿಸಿ. ನಡುವೆ ಎಲ್ಲೂ ನಿಲ್ಲಿಸಬೇಡಿ.”

ಮುರಿಗೆಪ್ಪನಿಗೆ ಹೆದ್ದಾರಿಯೆಂದರೆ ಭಯ. ಅವನು ಮನೆಯ ಮುಂದೆ ಕಾರನ್ನು ನಿಲ್ಲಿಸಿಕೊಂಡೇ ನಲವತ್ತು ನಿಮಿಷ ಆಕ್ಸಿಲರೇಟರ್ ಒತ್ತಿದ. ಕಾರು ಗರ್ಜಿಸಿತು. ಓಣಿಯವರೆಲ್ಲ ಹೊರಗೆ ಬಂದು ಬೈದರು. ಹಳದಿ ದೀಪ ಹಾಗೆಯೇ ಉರಿಯುತ್ತಿತ್ತು.

ಬೇರೆ ದಾರಿ ಉಳಿಯಲಿಲ್ಲ. ಒಬ್ಬನೇ ಹೋಗಲು ಧೈರ್ಯ ಸಾಲದೆ ನೀಲವ್ವನನ್ನು ಕರೆದ. ಅವಳು ಸೆರಗು ಸರಿಮಾಡಿಕೊಂಡು ಬಂದು ಕುಳಿತಳು.

ಹೆದ್ದಾರಿ ಹತ್ತಿದ ಐದು ನಿಮಿಷಕ್ಕೆ ನೀಲವ್ವ ಕೇಳಿದಳು: “ಇನ್ನು ಮೂವತ್ತೈದು ನಿಮಿಷ ನೀವು ಎಲ್ಲೂ ಇಳಿಯುವ ಹಾಗಿಲ್ಲ, ಅಲ್ಲವೇ?”

“ಇಲ್ಲ,” ಎಂದ ಮುರಿಗೆಪ್ಪ, ಎದುರಿನ ರಸ್ತೆಯಿಂದ ಕಣ್ಣು ಕೀಳದೆ.

“ಹಾಗಾದರೆ ಕೇಳಿ.”

ಅವಳು ಶುರುಮಾಡಿದಳು. ಊರಿಗೆಲ್ಲ ಪಾತ್ರೆ ಮಾರುವವನ ಅಡುಗೆಮನೆಗೆ ಬಂದದ್ದೆಲ್ಲ ನೆಗ್ಗಿದ ಪಾತ್ರೆ ಎಂದಳು. ಇಪ್ಪತ್ತಾರು ವರ್ಷದಲ್ಲಿ ಒಂದು ಮುಚ್ಚಳವೂ ತನ್ನ ಪಾತ್ರೆಗೆ ಕೂತಿಲ್ಲ ಎಂದಳು. ಅವಳಿಗೆ ಜ್ವರ ಬಂದಾಗ ಅವನು ಬಾಗಿಲಲ್ಲೇ ನಿಂತು, ‘ಮಧ್ಯಾಹ್ನಕ್ಕೆ ಬರೀ ಪಲ್ಯವಾದರೂ ಸಾಕು’ ಎಂದದ್ದನ್ನು ಅವನದೇ ದನಿಯಲ್ಲಿ ಆಡಿ ತೋರಿಸಿದಳು. ಮುರಿಗೆಪ್ಪನ ಕಾಲು ತಾನಾಗಿಯೇ ಬ್ರೇಕಿನ ಕಡೆಗೆ ಸರಿಯಿತು.

“ನಿಲ್ಲಿಸಬೇಡಿ. ಇಮಾಮಸಾಬರು ಏನು ಹೇಳಿದ್ದಾರೆ?” ಎಂದಳು ನೀಲವ್ವ.

ಅವನು ಓಡಿಸಿದ. ಕಿವಿ ಕೆಂಪಾಗಿತ್ತು. ಮೊದಲು ಸಿಟ್ಟು ಬಂತು. ಆಮೇಲೆ ಅವಳ ಮಾತಿಗೆ ಕಿವಿಗೊಟ್ಟ. ಕೊನೆಗೆ ಅವಳ ದನಿ ತಗ್ಗಿತು. ತನ್ನ ತಾಯಿ ಸಾಯುವ ಮುಂಚೆ ಕೊಟ್ಟಿದ್ದ ತಾಮ್ರದ ಹಂಡೆಯ ಮಾತು ತೆಗೆದಳು. ಅವಳನ್ನು ಒಂದು ಮಾತೂ ಕೇಳದೆ ಅವನು ಅದನ್ನು ಹಳೆ ಪಾತ್ರೆಗಳ ರಾಶಿಗೆ ಹಾಕಿ ಕರಗಿಸಲು ಕಳಿಸಿದ್ದ. ಅವನಿಗೆ ಅದು ನೆನಪೇ ಇರಲಿಲ್ಲ. ಅವಳಿಗೆ ಆ ಹಂಡೆಯ ಕಂಠದಲ್ಲಿದ್ದ ಗೀರು ಕೂಡ ನೆನಪಿತ್ತು.

ಕಾರು ಇನ್ನೊಂದು ಊರು ದಾಟಿತು.

“ತಪ್ಪಾಯಿತು ನೀಲಾ,” ಎಂದ ಮುರಿಗೆಪ್ಪ. ಮದುವೆಯಾದ ಮೇಲೆ ಅವನು ಆ ಮಾತು ಹೇಳಿದ್ದು ಅದೇ ಮೊದಲು. ಅವಳು ಕಣ್ಣು ಒರೆಸಿಕೊಂಡಳು. ಆಮೇಲೆ, ಯಾಕೋ, ಎಮ್ಮೆ ಇಣುಕಿದ್ದು ನೆನಪಾಗಿ ನಗಲು ತೊಡಗಿದಳು. ಅವನೂ ನಕ್ಕ.

ಹಳದಿ ದೀಪ ಯಾವಾಗ ಆರಿತೋ ಇಬ್ಬರೂ ನೋಡಲಿಲ್ಲ. ನಲವತ್ತು ನಿಮಿಷ ಆಗಲೇ ಮುಗಿದಿತ್ತು. ಮೂರು ಊರು ದಾಟಿ ಹೋಗಿದ್ದರು. ಅಲ್ಲೊಂದು ಹೋಟೆಲಿನ ಮುಂದೆ ಕಾರು ನಿಲ್ಲಿಸಿ ಮಿರ್ಚಿ ಭಜಿ ತಿಂದು ಚಹಾ ಕುಡಿದರು.

ತಿಂಗಳ ನಂತರ ಇಮಾಮಸಾಬ ದಾರಿಯಲ್ಲಿ ಸಿಕ್ಕಿ, ದೀಪ ಮತ್ತೆ ಹೊತ್ತಿತೇ ಎಂದು ಕೇಳಿದ.

“ಎಲ್ಲಿ ಹೊತ್ತುತ್ತದೆ? ಅದು ಹೊತ್ತುವ ಮೊದಲೇ ಅವಳು ಬಂದು ಕಾರಿನಲ್ಲಿ ಕುಳಿತಿರುತ್ತಾಳೆ,” ಎಂದ ಮುರಿಗೆಪ್ಪ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಎಂದಿನಂತೆ ಶಾಂತವಾಗಿ ಮುಗುಳ್ನಕ್ಕು ಕೇಳಿದ: “ಆದರೆ ಗುರುಗಳೇ, ನಾನು ಸಂಸಾರ ಬಿಟ್ಟವನು. ನನ್ನೊಳಗೆ ಕೂತಿರಲು ನನಗೆ ಯಾರ ಮೇಲೆ ಅಂಥ ಸಿಟ್ಟಿದೆ?”

“ನನ್ನ ಮೇಲೆ,” ಎಂದರು ಗುರುಗಳು. “ಚಪ್ಪಲಿ ಮೆಟ್ಟಿಕೋ, ಮುಂದಿನ ಊರಿನವರೆಗೆ ನಡೆದು ಬರೋಣ. ನಡುವೆ ಎಲ್ಲೂ ನಿಲ್ಲುವ ಹಾಗಿಲ್ಲ.”